ಆ ಹುಡುಗ ಕೊನೆಗೆ ನಿಂತಿದ್ದನೋ, ಕೂತಿದ್ದನೋ

ಮಂಗಳವಾರ, ಮಧ್ಯಾಹ್ನ

ನನ್ನ ಮಗಳ ಅಮ್ಮನಿಗೆ,

ಹೇಗಿದ್ದೀಯ ಅಂತ ಕೇಳೋ ಮೊದಲೇ ಕನಸು ಹೇಳಿಬಿಡ್ತೀನಿ, ಇಲ್ಲದಿದ್ದರೆ ಎದೆಭಾರ ಇಳಿಯಲ್ಲ. ನಮ್ಮ ವಾಲಿಬಾಲ್ ನೆಟ್ಟು ಸಿನಿಮಾ ಪರದೆ ಆಗಿತ್ತು. ಮಗಳು ಹಾರಿದವಳು ಪರದೆಯೊಳಗೆ ಹೋದಳು, ಕೆಳಗೆ ಇಳಿಯಲೇ ಇಲ್ಲ. ನಾನು ಸೀಟಿ ಊದುತ್ತಲೇ ಇದ್ದೆ, ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.

ವಿಷಯ ಏನಂದರೆ, ಅವಳ ಬಲ ಮಂಡಿ ಊದಿದೆ. ಪಟ್ಟಿ ಮೇಲೆ ಪಟ್ಟಿ ಸುತ್ತಿ ಮುಚ್ಚಿಟ್ಟಿದ್ದಳು. ನಾನು ಕೋಚೂ ಹೌದು, ಅಪ್ಪನೂ ಹೌದು, ಎರಡೂ ಆಗಿ ಕಣ್ಣಿದ್ದೂ ಕುರುಡ. ಒಳಗಿನ ನಾರು ಅರ್ಧ ಹರಿದಿದೆ, ಇನ್ನೊಮ್ಮೆ ಹಾರಿದರೆ ಪೂರ್ತಿ ಹೋಗುತ್ತೆ, ಆಮೇಲೆ ಮೆಟ್ಟಿಲು ಹತ್ತೋಕೂ ಒದ್ದಾಡಬೇಕು ಅಂದರು ಡಾಕ್ಟರಮ್ಮ. ಫೈನಲ್ ಬರೋ ಭಾನುವಾರ.

ಆಡಬೇಡ ಅಂದೆ. ನನ್ನ ಮಾತನ್ನೇ ನನಗೆ ತಿರುಗಿಸಿದಳು. ನಿನಗೆ ಗೊತ್ತಲ್ಲ, ಏಳನೇ ಕ್ಲಾಸಿಗೇ ಪುಸ್ತಕ ಕೆಳಗಿಟ್ಟವನು ನಾನು, ಕಲಿತದ್ದೆಲ್ಲ ಥಿಯೇಟರಿನಲ್ಲಿ. ಟೀಮಿಗೆ ಬುದ್ಧಿ ಹೇಳೋಕೆ ಬೇರೆ ಮಾತು ಬರಲ್ಲ. ಸೋಲ್ತಾ ಇದ್ದರೆ ಇದಿನ್ನೂ ಇಂಟರ್ವಲ್ ಅಂತೀನಿ. ಬೆಂಚಲ್ಲಿ ಕೂತು ಮುಖ ಊದಿಸಿಕೊಂಡವರಿಗೆ, ಕ್ಯಾಮೆರಾ ಹಿಡಿದವನು ಪರದೆ ಮೇಲೆ ಕಾಣಲ್ಲ ಕಣ್ರಮ್ಮ ಅಂತೀನಿ. ನಾನು ಬಾಯಿ ತೆರೆದರೆ ಸಾಕು, ಸಾರ್ ಟಿಕೆಟ್ ಹರಿದ್ರು, ಸಿನಿಮಾ ಶುರು ಅಂತ ಹುಡುಗೀರು ಕಿಸಿಕಿಸಿ ನಗ್ತಾರೆ. ಮುರಿದ ಕಾಲಲ್ಲೇ ಆಡಿ ಕಪ್ ಗೆದ್ದ ಹುಡುಗನ ಸಿನಿಮಾ ಎಷ್ಟು ಸಲ ಹೇಳಿದೀನೋ. ಅದನ್ನೇ ಹಿಡಿದಳು. ಅವನಿಗೊಂದು ನ್ಯಾಯ, ನನಗೊಂದು ನ್ಯಾಯನಾ ಅಪ್ಪ ಅಂದಳು.

ಅದರ ಕೊನೆ ನಾನು ನೋಡೇ ಇಲ್ಲ ಕಣೇ ಅಂದೆ. ಅವತ್ತು ಕೈಗೂಸಾಗಿದ್ದ ಇವಳೇ ಅತ್ತು ರಂಪ ಮಾಡಿದ್ದು. ಎತ್ತಿಕೊಂಡು ಹೊರಗೆ ಪೋಸ್ಟರ್ ತೋರಿಸ್ತಾ ನಿಂತಿದ್ದೆ. ಒಳಗಿಂದ ಚಪ್ಪಾಳೆ ಕೇಳಿತು, ಗೆದ್ದ ಅಂದುಕೊಂಡೆ. ಪೂರ್ತಿ ನೋಡಿದವಳು ನೀನು. ದಾರಿಯುದ್ದಕ್ಕೂ ಏನೋ ಹೇಳ್ತಾ ಬಂದೆ, ನಾನು ಯಾವತ್ತಿನ ಹಾಗೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ನಂಬಲಿಲ್ಲ. ಕೊನೆಗೆ ಅವನಿಗೇನಾಯ್ತು ಅಂತ ನೀನೇ ಅಮ್ಮನ್ನ ಕೇಳು, ಅಮ್ಮ ಸುಳ್ಳು ಹೇಳಲ್ಲ, ಅವಳು ಹೇಳಿದ ಹಾಗೆ ಮಾಡ್ತೀನಿ ಅಂದಳು. ಟೀಮಿಂದ ಅವಳ ಹೆಸರು ಹೊಡೆದುಹಾಕೋದು ನನ್ನ ಕೈಲೇ ಇದೆ. ಆದರೆ ನಿನ್ನ ಹಾಗೆ ಇವಳೂ ಮಾತು ಬಿಟ್ಟರೆ ನಾನು ಗೋಡೆ ಜೊತೆ ಮಾತಾಡಬೇಕು. ನನ್ನ ಫೋನ್ ನೀನು ಎತ್ತಲ್ಲ, ಅದಕ್ಕೇ ಈ ಕಾಗದ. ಓದಿದ ಕೂಡಲೇ ಅವಳಿಗೆ ಫೋನ್ ಮಾಡು.

ಇಂತಿ,
ಸಾಕಾಗಿ ಹೋದ ಕೋಚು,
ಅವಳ ಅಪ್ಪ

ಮರೆತಿದ್ದೆ: ಕಪ್ ಕೊಡುವಾಗ ಆ ಹುಡುಗ ನಿಂತಿದ್ದನೋ, ಗಾಲಿಕುರ್ಚಿಯಲ್ಲಿ ಕೂತಿದ್ದನೋ? ನಿಂತಿದ್ದ ಅಂತ ನೆನಪಾದರೆ, ದಮ್ಮಯ್ಯ, ಫೋನ್ ಮಾಡೋ ಮೊದಲು ಇನ್ನೊಂದು ಸಲ ನೆನೆಸಿ ನೋಡು.