ಎವೊದಿಯೊನ ವೆಲ್ಡಿಂಗ್ ತರಗತಿ

ಆಗಸ್ಟ್ 11, ಭಾನುವಾರ. ಫ್ರೆಸ್ನೊ.

ಹೋದ ವಾರ ಎವೊದಿಯೊಗೆ ಮಾತು ಕೊಟ್ಟಿದ್ದೆ, ಕಾಲೇಜಿನಲ್ಲಿ ಅವನು ಕಲಿಸುವ ಸಂಜೆಯ ವೆಲ್ಡಿಂಗ್ ತರಗತಿ ನಿಲ್ಲದ ಹಾಗೆ ನೋಡಿಕೊಳ್ಳುತ್ತೇನೆಂದು. ಆ ವಿಭಾಗಕ್ಕೆ ನನ್ನ ಮಗಳು ಮಾರ್ಸೆಲಾಳೇ ಡೀನ್.

ಇವತ್ತು ಅವಳು ಊಟಕ್ಕೆ ಬಂದಾಗ ತರಗತಿಯ ವಿಷಯ ಕೇಳಿದೆ.

“ಹದಿನೈದು ಜನ ಬೇಕಮ್ಮ. ಸೇರಿರೋದು ಆರೇ ಜನ. ನಿಲ್ಲಿಸಿಬಿಟ್ಟೆ.”

“ಜ್ಞಾನಸ್ನಾನದ ದಿನ ನಿನ್ನನ್ನ ಎತ್ತಿಕೊಂಡು ನಿಂತ ಧರ್ಮಪಿತ ಕಣೇ ಅವನು.”

“ಅದಕ್ಕೇ ಪತ್ರ ಕಳಿಸದೆ ಬೆಳಿಗ್ಗೆ ನಾನೇ ಹೋಗಿ ಹೇಳಿದೆ. ‘ಡೀನ್‌ಗೆ ನನ್ನ ಮನೇಲಿ ಕಾಫಿ ಇಲ್ಲ, ಮಗಳಿಗಾದ್ರೆ ಇದೆ, ಕೂತ್ಕೋ’ ಅಂದ್ರು.”

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಯಾರ ಮುಲಾಜಿಗೂ ಬೀಳಬೇಡ ಎಂದು ಅವಳನ್ನು ಬೆಳೆಸಿದವಳು ನಾನೇ. ನನ್ನ ಮುಲಾಜಿಗೂ ಬೀಳುವುದಿಲ್ಲ ಎಂದು ತಿಳಿದಿರಬೇಕಿತ್ತು. ನಾಳೆ ಎವೊದಿಯೊನ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಅದನ್ನು ಹೇಗೆ ಶುರು ಮಾಡುತ್ತಾರೋ, ಈವರೆಗೆ ಯಾರಲ್ಲೂ ಕ್ಷಮೆ ಕೇಳಿದವಳಲ್ಲ ನಾನು.