ಅಪ್ಪ ಓಡಿ ಬರುವ ಜಾಗ

ಮನೆ
ಡಿಸೆಂಬರ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಚೂಟಿ,

ಹೇಗಿದ್ದೀಯ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ “ಚೆನ್ನಾಗಿದೀನಮ್ಮ” ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ, ಇಲ್ಲಿ ನೀನು ನನ್ನ ಮಾತು ತುಂಡು ಮಾಡುವ ಹಾಗಿಲ್ಲ. ವಾರ್ಡಿನ ರೋಗಿಗಳನ್ನೆಲ್ಲ ಎತ್ತಿ ಕೂರಿಸುವ ನರ್ಸಮ್ಮನಿಗೆ ತನ್ನ ಸೊಂಟ ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದರೆ ಯಾರಿಗೆ ಹೇಳೋಣ? ಬಿಸಿನೀರಿನ ಶಾಖ ಕೊಡು, ಹೊತ್ತುಹೊತ್ತಿಗೆ ಊಟ ಮಾಡು. ನಾವೆಲ್ಲ ಆರಾಮ. ನಿನ್ನ ಅಣ್ಣನ ಹೊಟ್ಟೆ ಅವನಿಗಿಂತ ಮುಂಚೆ ಬಾಗಿಲು ದಾಟುತ್ತದೆ. ನೀನು ಕೊನೆಯ ಸಲ ನೋಡಿದಾಗ ಅತ್ತಿಗೆಯ ತೊಡೆ ಬಿಟ್ಟಿಳಿಯದ ಕೂಸು ಈಗ ಶಾಲೆಗೆ ಹೋಗುತ್ತಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ನಿಂತಲ್ಲಿ ನಿಲ್ಲುವುದಿಲ್ಲವೆಂದು ಬುಗುರಿ ಎಂದೇ ಕರೆಯುತ್ತೇವೆ.

ಇನ್ನೊಂದು ಸುದ್ದಿ ಇದೆ, ನಗಬೇಡ. ನಿನ್ನ ಅಮ್ಮ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದಾಳೆ. ಬೀರು ಒರೆಸುವಾಗ ಅಪ್ಪನ ಕ್ಯಾಮೆರಾ ಬುಗುರಿಯ ಕಣ್ಣಿಗೆ ಬಿತ್ತು, ಇನ್ನು ಕೇಳಬೇಕೇ. ಒಳಗೆ ಯಾವ ರೋಲ್ ಇದೆ ಎಂದು ನನಗೆ ಗೊತ್ತಿತ್ತು, ನಿನಗೂ ಗೊತ್ತು. ಅದನ್ನು ಹೊರಗೆ ತೆಗೆಯುವ ಧೈರ್ಯ ಇಷ್ಟು ವರ್ಷ ಈ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಅದರಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾನೂ ಅವಳೂ ಸೇರಿ ಬಕೆಟ್ಟು, ಬೆಕ್ಕು, ಒಣಹಾಕಿದ ಬಟ್ಟೆ ಎಂದು ಸಿಕ್ಕಿದ್ದನ್ನೆಲ್ಲ ತೆಗೆದು ಅದನ್ನು ಮುಗಿಸಿದೆವು. ಅಪ್ಪನ ರೋಲ್‌ಗಳನ್ನು ತೊಳೆದುಕೊಡುತ್ತಿದ್ದ ಸ್ಟುಡಿಯೋದವನ ಹತ್ತಿರವೇ ಕೊಟ್ಟೆ. ಅವನು ನನ್ನ ಫೋಟೋಗಳನ್ನು ಮೇಜಿನ ಮೇಲೆ ಹರಡಿ, “ಬಕೆಟ್ಟಿಗೆ ತಲೆ ಇಲ್ಲ, ಸರಿ. ಮಗೂಗೂ ಇಲ್ವಲ್ಲಮ್ಮ” ಎಂದ. ಮಾನ ಹೋಯಿತು. ಅಂದಿನಿಂದ ಶನಿವಾರ ಮಧ್ಯಾಹ್ನ ಅವನ ಅಂಗಡಿಯಲ್ಲಿ ನನಗೆ ಪಾಠ. ಉಸಿರು ಬಿಗಿಹಿಡಿದು ಒತ್ತಬೇಕಂತೆ, ಮೊಣಕೈ ಮೈಗೆ ಅಂಟಿರಬೇಕಂತೆ. ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೇಳುವುದು ಒಂದೇ ಮಾತು: “ಮುಖ ತಾನಾಗೇ ಕಾಣುತ್ತೆ, ನೀವು ಅಂಚು ನೋಡಿ.” ಈಗ ಬುಗುರಿಯ ತಲೆ ಬರುತ್ತಿದೆ, ಕೆಲವು ಸಲ ಕಿವಿಯೂ.

ಆ ರೋಲ್‌ನಲ್ಲಿ ಅಪ್ಪನ ಕೊನೆಯ ಫೋಟೋ ಇತ್ತು. ನಮ್ಮ ಮನೆಗೆ ಮಿಕ್ಸಿ ಬಂದರೂ ಗ್ರೂಪ್ ಫೋಟೋ, ನಲ್ಲಿ ರಿಪೇರಿಯಾದರೂ ಗ್ರೂಪ್ ಫೋಟೋ, ನೆನಪಿದೆಯಲ್ಲ? ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಬಲತುದಿಯಲ್ಲಿ ತಮಗೊಂದು ಜಾಗ ಬಿಡಿಸಿ, ಟೈಮರ್ ತಿರುಗಿಸಿ, ಊಟದ ಮೇಜನ್ನು ಸುತ್ತಿಕೊಂಡು ಓಡಿ ಬರುತ್ತಿದ್ದರು. “ನನ್ನ ನೋಡ್ಬೇಡಿ, ಕ್ಯಾಮೆರಾ ನೋಡಿ” ಎಂದು ಅವರು, “ಓಡು, ಓಡು” ಎಂದು ನಾವು. ಆ ದಿನ ಹೊಸ ಸೋಫಾ ಬಂದಿತ್ತು. ಸೋಫಾದ ಪಕ್ಕ, ಅಪ್ಪನ ಜಾಗಕ್ಕೆ ಒತ್ತಿಕೊಂಡು ನೀನು ನಿಂತಿದ್ದೆ. ಚಳಿಗೆ ಸಾಕ್ಸ್ ಹಾಕಿದ್ದೆ, ಎಂದಿನಂತೆ ಒಂದು ಬೋಳು, ಒಂದು ಪಟ್ಟೆಯದು. ಫೋಟೋಗಾದರೂ ಒಂದೇ ಜೊತೆ ಹಾಕಿಕೋ ಎಂದು ನಾನು ಗದರಿದರೆ, “ಅಪ್ಪ ಕಾಲೆಲ್ಲ ತೆಗಿಯಲ್ಲ ಬಿಡಮ್ಮ” ಎಂದೆ. ಟೈಮರ್ ಟಿಕಟಿಕ ಎನ್ನುತ್ತಿತ್ತು. ನಾವು ಹಲ್ಲು ಬಿಟ್ಟುಕೊಂಡು ಕ್ಯಾಮೆರಾ ನೋಡುತ್ತಿದ್ದೆವು. ಅಪ್ಪ ಮೇಜು ದಾಟಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಅವರ ಮೇಲೆ ಬಿದ್ದೆವು. ಯಾರು ಮೊದಲು ಹೋದರು, ಯಾರು ನೀರು ತಂದರು, ಒಂದೂ ನೆನಪಿಲ್ಲ.

ಫೋಟೋದಲ್ಲಿ ನಾವೆಲ್ಲ ನಗುತ್ತಿದ್ದೇವೆ. ಬಲತುದಿಯಲ್ಲಿ, ಅಪ್ಪನ ಜಾಗದಲ್ಲಿ, ಮನುಷ್ಯನೆತ್ತರದ ಒಂದು ಮಬ್ಬು ನಿಂತಿದೆ. ಮುಖವಿಲ್ಲ. ಬಲ್ಬಿನ ಬೆಳಕಿಗೆ ಎಲ್ಲ ಹಳದಿಯಾಗಿ ಬಟ್ಟೆಯ ಬಣ್ಣವೂ ತಿಳಿಯುವುದಿಲ್ಲ. ನೀನು ಅದರ ಹಿಂದೆ ಮುಚ್ಚಿಹೋಗಿದ್ದೀಯ ಎಂದುಕೊಂಡೆವು. ನಿನ್ನ ರೇಡಿಯೋ ಅತ್ತೆ ಫೋಟೋವನ್ನು ಎದೆಗೊತ್ತಿಕೊಂಡು, “ನಮ್ಮಣ್ಣ ಬಂದು ನಿಂತೇ ಹೋದ” ಎಂದು ಅತ್ತಳು. ನಾನೂ ನಂಬಿದೆ ಚೂಟಿ. ಅಷ್ಟು ದೂರ ಬಂದು ಪಕ್ಕದಲ್ಲಿ ನಿಂತವರನ್ನು ತಿರುಗಿ ನೋಡದೆ ಕ್ಯಾಮೆರಾಕ್ಕೆ ಹಲ್ಲು ಕಿರಿದೆನಲ್ಲ. ಫೋಟೋವನ್ನು ಸೀರೆಗಳ ಮಧ್ಯೆ ಬೋರಲಾಗಿ ಇಟ್ಟೆ. ಆದರೂ ಅಡುಗೆಮನೆಯಲ್ಲಿ ಚಹಾ ಸೋಸುವಾಗ ಹಾಲ್‌ನಲ್ಲಿ ಯಾರೋ ಓಡಿ ಬಂದು ಏದುಸಿರು ಬಿಡುತ್ತಿರುವಂತೆ ಅನ್ನಿಸುತ್ತದೆ. ಬಂದು ನೋಡಿದರೆ ಸೋಫಾ ಮಾತ್ರ. ಅದರ ಆ ತುದಿಯಲ್ಲಿ ಈಗ ಯಾರೂ ಕೂರುವುದಿಲ್ಲ. ಯಾರೂ ಹೇಳಿಕೊಡದಿದ್ದರೂ ಬುಗುರಿ ಅದನ್ನು ಬಳಸಿಕೊಂಡು ಹೋಗುತ್ತಾಳೆ. ಹೆದರಿಕೆಯೇ ಎಂದು ಕೇಳಿದರೆ ಹೌದು. ಇರಲಿ ಬಿಡು ಎಂಬ ಆಸೆಯೂ ಹೌದು.

ನೀನು ಒಂದೇ ಒಂದು ಸಲ ಫೋನಿನಲ್ಲಿ ಆ ದಿನದ ಮಾತೆತ್ತಿದ್ದೆ. “ಅಪ್ಪ ಬೀಳ್ತಿದ್ರೆ ನಾನು ನಗ್ತಾ ನಿಂತಿದ್ದೆ ಅಮ್ಮ. ಓಡು ಓಡು ಅಂತ ನಾನೇ ಓಡಿಸಿದೆ.” ಹಾಗೇನಿಲ್ಲ ಎಂದು ನಾನು ಹೇಳಿದೆ. ಆದರೆ ನಾನು ನೋಡಿರಲಿಲ್ಲ, ನೋಡಿಲ್ಲವೆಂದು ನಿನಗೂ ಗೊತ್ತಿತ್ತು. ಆಮೇಲೆ ನೀನು ಮನೆಗೆ ಬರಲಿಲ್ಲ. ರಜೆ ಸಿಗಲಿಲ್ಲ ಎನ್ನುತ್ತೀಯ, ನಾನೂ ಹೌದಮ್ಮ ಎನ್ನುತ್ತೇನೆ. ನಿನ್ನ ಆಸ್ಪತ್ರೆಯವರ ಗ್ರೂಪ್ ಫೋಟೋವನ್ನು ಅಣ್ಣ ತೋರಿಸಿದ, ಅದರಲ್ಲಿ ಬೆನ್ನು ತಿರುಗಿಸಿ ನಿಂತವಳು ನೀನೇ. ಹೆತ್ತವಳಿಗೆ ಬೆನ್ನು ಗೊತ್ತಾಗುವುದಿಲ್ಲವೇ?

ಹೋದ ವಾರದ ಪಾಠ ಮಂದ ಬೆಳಕಿನದು. ಫ್ಲಾಶ್ ಇಲ್ಲದಿದ್ದರೆ ಕ್ಯಾಮೆರಾ ಕಣ್ಣನ್ನು ಸ್ವಲ್ಪ ಹೊತ್ತು ತೆರೆದೇ ಇಟ್ಟಿರುತ್ತದಂತೆ. ಅಪ್ಪನಿಗಂತೂ ಫ್ಲಾಶ್ ಎಂದರೆ ಆಗುತ್ತಿರಲಿಲ್ಲವಲ್ಲ. ಸುಮ್ಮನಿದ್ದವರು ಸ್ಪಷ್ಟ, ಓಡಿದವರು ಮಬ್ಬು. ಮನೆಗೆ ಬಂದು ಪರದೆ ಎಳೆದು, ಬುಗುರಿಯನ್ನು ಸೋಫಾದ ಪಕ್ಕ ನಿಲ್ಲಿಸಿ, ಊಟದ ಮೇಜಿಗೆ ಓಡು ಎಂದೆ. ನಿನ್ನೆ ಆ ಫೋಟೋ ಬಂತು. ಅದೇ ಮಬ್ಬು. ಮೈಯೆಲ್ಲ ಅಳಿಸಿಹೋಗಿದೆ, ಹಿಂದಿನ ಒಂದು ಕಾಲು ಮಾತ್ರ ಚಪ್ಪಲಿಯ ಬಕಲ್ ಸಮೇತ ಸ್ಪಷ್ಟವಾಗಿದೆ. “ಓಡೋರ ಹಿಂದಿನ ಕಾಲು ಕೊನೇಗೆ ಹೊರಡೋದಮ್ಮ” ಎಂದ ಸ್ಟುಡಿಯೋದವನು.

ಬುಗುರಿ ಶಾಯಿ ಚೆಲ್ಲುವ ಮುಂಚೆ ನಿಲ್ಲಿಸುತ್ತೇನೆ. ಅಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ, ಅತ್ತೆ ಕೇಳಿದ್ದು ಬರೆದರೆ ಇನ್ನೊಂದು ಹಾಳೆ ಬೇಕು. ನಿನ್ನ ಸೊಂಟ ಗಟ್ಟಿಯಾಗಲಿ, ಕಣ್ತುಂಬ ನಿದ್ದೆ ಬರಲಿ.

ತಲೆ ಕತ್ತರಿಸುವುದನ್ನು ಬಿಟ್ಟಿರುವ,
ನಿನ್ನ ಅಮ್ಮ

ತಾ.ಕ.: ಹೇಳಬೇಕಾದ್ದನ್ನೇ ಬರೆಯಲು ಕೈ ಬರಲಿಲ್ಲ. ನಿನ್ನೆ ಅಪ್ಪನ ಫೋಟೋವನ್ನು ಸೀರೆಗಳೊಳಗಿಂದ ತೆಗೆದು ಕೆಳಗಿನ ಅಂಚು ನೋಡಿದೆ. ಹೊಸ ಸೋಫಾದ ಕಾಲೂ ಬರಲಿ ಎಂದು ಅವರು ನೆಲದವರೆಗೂ ತೆಗೆದಿದ್ದಾರೆ. ಮಬ್ಬಿನ ಬುಡದಲ್ಲಿ ಒಂದು ಕಾಲಿದೆ, ಹಿಮ್ಮಡಿ ಎತ್ತಿದೆ. ಪಟ್ಟೆಯ ಸಾಕ್ಸ್. ಅಪ್ಪ ಜನ್ಮದಲ್ಲಿ ಸಾಕ್ಸ್ ಹಾಕಿದವರಲ್ಲ. ಮೇಲೆ ಎರಡು ತೋಳುಗಳ ಮಬ್ಬು ಮೇಜಿನ ಕಡೆಗೆ ಚಾಚಿದೆ. ಓಡು ಎಂದು ಕೂಗಿದ್ದು ನಿಜ, ಪ್ರತಿಸಲದಂತೆ ಎಲ್ಲರೂ ಕೂಗಿದೆವು. ಆದರೆ ನೋಡಿದವಳು ನೀನೊಬ್ಬಳೇ, ಓಡಿದವಳೂ ನೀನೊಬ್ಬಳೇ. ನಗುತ್ತಾ ನಿಂತವರು ನಾವು ಮಗಳೇ. ಫೋಟೋ ಇದರ ಜೊತೆ ಇಟ್ಟಿದ್ದೇನೆ. ಮುಖ ಹುಡುಕಬೇಡ, ಕಾಲು ನೋಡು. ನೋಡಿ ಮನೆಗೆ ಬಾ.