ಮೊಣಕಾಲುದ್ದದ ನೀರು

ಮಾರ್ಚ್ 2, ಬೆಳಿಗ್ಗೆ

ದಿನಕ್ಕೊಂದು ಪುಟ ಬರೆಯಬೇಕಂತೆ. ಫಿಸಿಯೋಥೆರಪಿಯವಳ ಅಪ್ಪಣೆ. ಸ್ಟ್ರೋಕ್ ಹೊಡೆದ ಬಲಗೈಗೆ ಕಸರತ್ತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದೆ, ಒಂದು ಪುಟವೂ ಬರೆದವನಲ್ಲ. "ಮನಸ್ಸಿಗೆ ಬಂದಿದ್ದು ಬರೀರಿ ತಾತ, ನಾನೇನು ಓದಲ್ಲ" ಅಂದಳು. ಮನಸ್ಸಿಗೆ ಬರುವುದು ಒಂದೇ. ನೀರು. ಮೊಣಕಾಲುದ್ದದ್ದು. ಬರೆದೆ. ಸಾಕು.

ಮಾರ್ಚ್ 3

ಸಾಲದಂತೆ. ಪುಟ ತುಂಬಬೇಕಂತೆ. ಪೀಡೆ.

ನಾನು, ಭಾವಮೈದ (ಹೆಂಡತಿಯ ತಮ್ಮ) ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಹೊಳೆಯಲ್ಲಿ ಮೀನು ಹಿಡಿದವರು. ಎರೆಹುಳ ಕಟ್ಟಿ ಅಲ್ಲ. ಫ್ಲೈ ಕಟ್ಟಿ. ಅಂದರೆ ಕೊಕ್ಕೆಗೆ ದಾರ, ಗರಿ ಸುತ್ತಿ ಮಾಡಿದ ಸುಳ್ಳು ಹುಳ. ಗಾಳದ ಕೋಲಿಗೆ ರಾಡ್ ಅನ್ನುತ್ತೇವೆ. ಈ ಮೇ ತಿಂಗಳಲ್ಲಿ ಸಮುದ್ರಕ್ಕೆ. ದೂರದ ದ್ವೀಪ. ಸುತ್ತ ಮೈಲಿಗಟ್ಟಲೆ ಬಿಳಿ ಮರಳು, ಅದರ ಮೇಲೆ ತೆಳ್ಳಗೆ ನೀರು. ನಡೆದುಕೊಂಡೇ ಹಿಡಿಯುವುದು. ಬೋನ್‌ಫಿಶ್. ಮೀನು ಕಾಣುವುದಿಲ್ಲವಂತೆ, ಮರಳ ಮೇಲೆ ಅದರ ನೆರಳು ಕಾಣುತ್ತದಂತೆ...

ಆ ಮರಳಿಗೆ ಮುಟ್ಟಿಸುವ ದೋಣಿಗೆ ಇಬ್ಬರು ಬೇಕು. ಒಬ್ಬನಿಗೆ ದೋಣಿಯಿಲ್ಲ. ಈ ತಿಂಗಳ ಹದಿನೈದರೊಳಗೆ ಖಚಿತ ಮಾಡಿ ಎಂದು ಅಲ್ಲಿಯ ಗೈಡ್ ಮೇಲ್ ಹಾಕಿದ್ದಾನೆ.

ಹಿಡಿದದ್ದನ್ನು ಬಿಡಬೇಕು, ಅದು ಅಲ್ಲಿಯ ರೂಲು. ಹೆಂಡತಿ ಕೇಳಿದಳು: "ಬಿಡೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಕೂತು ಹಿಡೀದೇ ಇದ್ರೆ ಆಗಲ್ವಾ?"



ಮಾರ್ಚ್ 5, ಮಧ್ಯಾಹ್ನ

ಊಟ ಆಗಿ ಮಲಗಿದೆ. ಕಿಟಕಿಯ ಪರದೆ ಅಲುಗಿ ಬಿಸಿಲು ಗೋಡೆಯ ಮೇಲೆ ಸಣ್ಣ ಸಣ್ಣ ಅಲೆಯಾಯಿತು. ನೋಡುತ್ತಾ ಹೋದೆ. ಬೀರು ಇರಲಿಲ್ಲ. ಔಷಧಿ ಡಬ್ಬ ಇರಲಿಲ್ಲ. ಕಾಲ ಕೆಳಗೆ ಮರಳು ಮೆತ್ತಗೆ. ನೀರಿಗೆ ಬಣ್ಣವೇ ಇಲ್ಲ, ದೂರದಲ್ಲಿ ಮಾತ್ರ ಹಸಿರು. ಒಂದು ನೆರಳು ಬಂತು, ನಿಂತಿತು, ನನ್ನ ಕಾಲನ್ನು ಬಳಸಿಕೊಂಡು ಹೋಯಿತು. ಅವಸರವೇ ಇಲ್ಲ ಅದಕ್ಕೆ. ನನಗೂ ಇರಲಿಲ್ಲ.

ಎದ್ದು ಫ್ಲೈಗೆ ಕೂತೆ. ಸಮುದ್ರಕ್ಕೆ ಸುಳ್ಳು ಸೀಗಡಿ ಆಗಬೇಕು. ಹಳೇ ಟೈಂಪೀಸಿನ ಹಿತ್ತಾಳೆ ಚೂರುಗಳೇ ಅದರ ಕಣ್ಣು. ಎರಡು ಗಂಟೆ ಕೂತರೂ ಒಂದು ಪೂರ್ತಿ ಆಗಲಿಲ್ಲ. ಕೊನೆಯ ಗಂಟು ಹಾಕಲು ಬೆರಳು ಒಪ್ಪಲಿಲ್ಲ.

ಮಾರ್ಚ್ 6

ಭಾವಮೈದ ಬಂದಿದ್ದ. ಅರ್ಧಕ್ಕೇ ನಿಂತ ನನ್ನ ಗಂಟು ನೋಡಿದ. ಕೈ ನೋಡಿದ.

"ಭಾವ, ಆ ಕೈಯಲ್ಲಿ ಲೋಟಾನೇ ನಿಲ್ಲಲ್ಲ. ಮೀನು ಕಚ್ಚಿದ್ರೆ ರಾಡ್ ಎತ್ತೋರು ಯಾರು? ಅಕ್ಕನ್ನ ಕರ್ಕೊಂಡು ಹೋಗ್ತೀರಾ? ಈ ವರ್ಷ ಬೇಡ ಬಿಡಿ."

"ಮುಂದಿನ ವರ್ಷ ನಾನು ಇರ್ತೀನಿ ಅಂತ ನಿಂಗ್ಯಾರು ಬರ್ಕೊಟ್ರು? ಏಳು ಮೇಲೆ. ನಡಿ ಆಚೆ."

ಹೋದ.

ಮಾರ್ಚ್ 11

ನಾಲ್ಕು ದಿನ ಬರೆಯಲಿಲ್ಲ. ಫಿಸಿಯೋಥೆರಪಿಯವಳು ಬೈದಳು. ಬೈಯಲಿ.

ಗೈಡ್‌ನ ಮೇಲ್ ಪೂರ್ತಿ ಇವತ್ತು ಓದಿದೆ. ಮೊದಲು ತಾರೀಖು ಮಾತ್ರ ನೋಡಿ ಬಿಟ್ಟಿದ್ದೆ. ಕೆಳಗೆ ಬರೆದಿದ್ದಾನೆ: ಹೊಳೆಯವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಮೀನು ಕಚ್ಚಿದಾಗ ರಾಡ್ ಎತ್ತುತ್ತಾರೆ. ಎತ್ತಿದರೆ ಫ್ಲೈ ಅದರ ಬಾಯಿಂದ ಜಾರುತ್ತದೆ. ರಾಡಿನ ತುದಿ ನೀರಿನ ಹತ್ತಿರವೇ ಇರಲಿ. ಎಡಗೈಯಿಂದ ದಾರ ಎಳೆಯಿರಿ.

ಮೂರು ಸಲ ಓದಿದೆ. ಬಲಗೈ ಎತ್ತಬಾರದು. ಎತ್ತಲು ಬರುವುದಿಲ್ಲವಲ್ಲ ನನಗೆ!

ಮಾರ್ಚ್ 12, ಸಂಜೆ

ತಾರಸಿ. ಆಚೆ ಬದಿಯಲ್ಲಿ ಹೆಂಡತಿ. ದಾರದ ತುದಿಗೆ ಕೊಕ್ಕೆ ಇಲ್ಲ, ಬಟ್ಟೆ ಕ್ಲಿಪ್ಪು. ಅವಳೇ ಮೀನು.

"ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ನಂಗೆ. ಎಷ್ಟು ಹೊತ್ತು ಈಜ್ಬೇಕು?"

ಭುಜದಿಂದ ಬೀಸಿದೆ. ಬಿತ್ತು, ಮೂವತ್ತು ಅಡಿ ದೂರ, ಅವಳ ಕಾಲ ಬಳಿ. ರಾಡಿನ ತುದಿ ತಾನಾಗಿಯೇ ತಗ್ಗಿತು. ಅವಳು ಕ್ಲಿಪ್ಪು ಎತ್ತಿಕೊಂಡು ಜಗ್ಗಿದಳು, ಎಡಗೈಯಿಂದ ಎಳೆದೆ. ಬಿಗಿ! ಒಣಗಿದ ಸೀರೆಗಳ ನಡುವೆ ನಿಂತು ನಕ್ಕಳು. ಹಿಂದೆ ಆಕಾಶ ತಿಳಿಯಾಗಿತ್ತು. ತಾರಸಿಯೂ ನೀರಾಯಿತು ಒಂದು ಕ್ಷಣ.

ಆಗಲೇ ಭಾವಮೈದ ಮೆಟ್ಟಿಲು ಹತ್ತಿ ಬಂದ. ಅವಳೇ ಕರೆಸಿದ್ದಳು. ರಾಡ್ ಅವನ ಕೈಗೆ ತುರುಕಿದೆ. ಅವಳು ಜಗ್ಗಿದಳು. ಅವನು ಮೂವತ್ತು ವರ್ಷದ ಅಭ್ಯಾಸದಂತೆ ಗಬಕ್ಕನೆ ಎತ್ತಿದ. ಕ್ಲಿಪ್ಪು ಅವಳ ಬೆರಳಿಂದ ಹಾರಿ ನೀರಿನ ಟ್ಯಾಂಕಿಗೆ ಟಣ್ ಅಂತ ಬಡಿಯಿತು.

"ಮೀನು ಹೋಯ್ತು ಕಣೋ" ಅಂದಳು.

ಇನ್ನೊಂದು ಸಲ. ಮತ್ತೆ ಎತ್ತಿದ. ಆರು ಸಲ. ಆರೂ ಸಲ ಮೀನು ಹೋಯಿತು. ಮುಖ ಕೆಂಪಗೆ ಮಾಡಿಕೊಂಡು ಇಳಿದು ಹೋದ. ನಾನು ನಗಬಾರದಿತ್ತು. ನಕ್ಕೆ.

ಮಾರ್ಚ್ 13, ಬೆಳಿಗ್ಗೆ

ಈ ಪುಟ ಹರಿದು ನಿನ್ನ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಎದುರು ನಿಂತರೆ ಮತ್ತೆ ಜಗಳವಾಗುತ್ತದೆ. ಓದು.

ಎಳೆಯುವುದನ್ನು ನಾನು ಹೇಳಿಕೊಡುತ್ತೇನೆ. ನನಗೆ ಗಂಟು ಹಾಕಲು ಬರುವುದಿಲ್ಲ, ನೀನು ಹಾಕಬೇಕು. ಮರಳು ಮೆತ್ತಗಿರುತ್ತದೆ, ಬಲಗಾಲು ಇನ್ನೂ ಎಳೆಯುತ್ತದೆ. ಬಲಗಡೆ ಒಬ್ಬ ಬೇಕು. ಬೇರೆಯವನ ಭುಜ ನಾನು ಹಿಡಿಯುವುದಿಲ್ಲ. ಇದನ್ನು ಬರೆಯಲು ಅರ್ಧ ಗಂಟೆ ಆಯಿತು, ಕೈಯ ತೊಂದರೆಯಿಂದ ಅಲ್ಲ.

ದಿನಾ ಮಧ್ಯಾಹ್ನ ಮಲಗಿದಲ್ಲೇ ಆ ನೀರಿಗೆ ಹೋಗಿ ಬರುತ್ತೇನೆ. ನಿನ್ನೆ ನೋಡಿದೆ, ನೀರಿನಲ್ಲಿ ಎರಡು ನೆರಳು ಇದ್ದವು, ಮೀನಿನದಲ್ಲ...

ಬರುತ್ತೀಯೋ ಇಲ್ಲವೋ. ನಾಳೆ, ಹದಿನಾಲ್ಕು, ಸಂಜೆ ಐದರೊಳಗೆ ಹೇಳು.